ಗಟ್ಟಿಯಾದ ನೆಲ ಒಣಗಿದ ನೆಲವೇ? ಆವೀಕರಣದ ಪಾಠದಲ್ಲಿ ಒಂದು ಕಾಂಕ್ರೀಟ್ ನೆಲದ ಪರೀಕ್ಷೆ

ತರಗತಿ: 9
ವಿಷಯ: ವಿಜ್ಞಾನ
ಪಾಠಾಂಶ: ಆವೀಕರಣ ಮತ್ತು ಅದರ ಮೇಲೆ ಪ್ರಭಾವ ಬೀರುವ ಅಂಶಗಳು
ಅವಧಿ: 40 ನಿಮಿಷಗಳ ಐದು ತರಗತಿಗಳು, ನಡುವೆ ಪ್ರಯೋಗಕ್ಕೆ ಬಿಟ್ಟ ದಿನಗಳು
ಮಾದರಿ: ಐದು-ಇ

ಆವೀಕರಣದ ಪಾಠಕ್ಕೆ ನಮ್ಮಲ್ಲಿ ರೂಢಿಯಾಗಿರುವ ಉದಾಹರಣೆಗಳು ಮೂರು: ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ಮಣ್ಣಿನ ಹೂಜಿ, ಅಂಗೈಗೆ ಹಚ್ಚಿದ ಸ್ಪಿರಿಟ್. ಮೂರೂ ಒಳ್ಳೆಯವೇ. ಆದರೆ ಬಟ್ಟೆ ಮತ್ತು ಸ್ಪಿರಿಟ್‌ನಲ್ಲಿ ದ್ರವ ಮೇಲ್ಮೈಯಲ್ಲೇ ಇರುತ್ತದೆ, ಬೇಗ ಹೋಗುತ್ತದೆ, ಹೋದದ್ದು ಕಣ್ಣಿಗೂ ಕೈಗೂ ತಿಳಿಯುತ್ತದೆ. ಹೂಜಿಯಲ್ಲಿ ನೀರು ಗೋಡೆಯನ್ನು ದಾಟಿ ಬರುತ್ತದೆ ಎಂದು ಹೇಳುತ್ತೇವೆ, ಆದರೆ ಆ ದಾಟುವಿಕೆಯ ಬಗ್ಗೆ ಹೆಚ್ಚು ಮಾತಾಡದೆ ತಂಪಿನ ಕಡೆಗೆ ಹೊರಳುತ್ತೇವೆ. ಹೀಗಾಗಿ ‘ಒಣಗಿದೆ’ ಎಂದರೆ ‘ಮುಟ್ಟಿದರೆ ಒದ್ದೆಯಿಲ್ಲ’ ಎಂಬ ಅರ್ಥವೇ ಮಕ್ಕಳಲ್ಲಿ ಉಳಿಯುತ್ತದೆ. ಘನವಸ್ತುವಿನ ಒಳಗೆ ಸಿಕ್ಕಿಕೊಂಡ ನೀರು ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ ಎಂಬುದಕ್ಕೆ ಪಾಠದಲ್ಲಿ ಜಾಗವೇ ಇಲ್ಲ.

ಇಂಟರ್ನ್‌ಷಿಪ್‌ಗೆ ನನಗೆ ಸಿಕ್ಕಿದ್ದು ಕರಾವಳಿಯ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿ ಇದಕ್ಕೊಂದು ಸಿದ್ಧ ಸಂದರ್ಭವಿತ್ತು. ನೆಲಮಹಡಿಯ ಗ್ರಂಥಾಲಯ ಕೊಠಡಿಯ ಹಳೆಯ ನೆಲವನ್ನು ಬೇಸಿಗೆ ರಜೆಯಲ್ಲಿ ಅಗೆದು ನಾಲ್ಕು ಅಂಗುಲ ದಪ್ಪದ ಹೊಸ ಕಾಂಕ್ರೀಟ್ ಹಾಕಿದ್ದರು. ಅದರ ಮೇಲೆ ಅಂಟಿಸಲು ಹಳೆ ವಿದ್ಯಾರ್ಥಿಗಳು ಕೊಟ್ಟ ವಿನೈಲ್ ನೆಲಹಾಸಿನ ಸುರುಳಿಗಳು ಶಿಕ್ಷಕರ ಕೊಠಡಿಯ ಮೂಲೆಯಲ್ಲಿ ಕಾಯುತ್ತಿದ್ದವು. ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ಕೊಠಡಿ ತೆರೆಯಬೇಕೆಂಬ ಆಸೆ ಎಲ್ಲರಿಗೂ ಇತ್ತು. ಈಗ ಹಾಸಬಹುದೇ ಎಂಬುದು ಶಾಲೆಯ ನಿಜವಾದ ಪ್ರಶ್ನೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅದನ್ನೇ ಒಂಬತ್ತನೇ ತರಗತಿಯ ಮುಂದಿಟ್ಟೆ.

ಪಾಠ ಯೋಜನೆ ನೋಡಿದ ಮಾರ್ಗದರ್ಶಕ ಶಿಕ್ಷಕರು ಕೇಳಿದ ಮೊದಲ ಪ್ರಶ್ನೆ: “ಇದು ಸಿವಿಲ್ ಎಂಜಿನಿಯರಿಂಗ್ ಆಗುವುದಿಲ್ಲವೇ?” ನ್ಯಾಯವಾದ ಪ್ರಶ್ನೆ. ಮೇಲ್ಮೈ ವಿಸ್ತೀರ್ಣ, ತಾಪ, ಆರ್ದ್ರತೆ, ಗಾಳಿಯ ವೇಗ ಎಂಬ ನಾಲ್ಕು ಅಂಶಗಳನ್ನೂ ಈ ಒಂದು ನೆಲದ ಮೇಲೆ ಪರೀಕ್ಷಿಸಬಹುದು, ಪಠ್ಯದಿಂದ ಆಚೆಗೆ ಹೋಗುವುದು ಲೋಮನಾಳ ಕ್ರಿಯೆ ಒಂದೇ ಎಂದು ತೋರಿಸಿದ ಮೇಲೆ ಅವರು ಒಪ್ಪಿದರು.

ತೊಡಗಿಸಿಕೊಳ್ಳುವಿಕೆ: ನೀರಿನೊಳಗೆ ಗಟ್ಟಿಯಾದ ಸಿಮೆಂಟು

‘ಕಾಂಕ್ರೀಟು ಹೇಗೆ ಗಟ್ಟಿಯಾಗುತ್ತದೆ?’ ಎಂದು ಚೀಟಿಯಲ್ಲಿ ಬರೆಯಲು ಹೇಳಿದೆ. ಹೆಚ್ಚಿನ ಚೀಟಿಗಳಲ್ಲಿ ಬಂದ ಉತ್ತರ ‘ಒಣಗಿ’ ಎಂದೇ. ಕೆಸರು ಒಣಗಿ ಗಟ್ಟಿಯಾಗುವುದನ್ನು ನೋಡಿ ಬೆಳೆದ ಮಕ್ಕಳು ಹೀಗೆ ಯೋಚಿಸುವುದು ಸಹಜ. ಈ ಕಲ್ಪನೆ ಹಾಗೆಯೇ ಉಳಿದರೆ ಮುಂದಿನ ಯಾವ ಪ್ರಯೋಗಕ್ಕೂ ಅರ್ಥವಿರುವುದಿಲ್ಲ. ಗಟ್ಟಿಯಾಯಿತು ಎಂದರೆ ಒಣಗಿತು ಎಂದೇ ಅವರು ತಿಳಿಯುತ್ತಾರೆ.

ವಿವರಣೆ ಕೊಡಲಿಲ್ಲ. ಎರಡು ಪ್ಲಾಸ್ಟಿಕ್ ಲೋಟಗಳ ತಳದಲ್ಲಿ ಕಲಸಿದ ಸಿಮೆಂಟ್ ಹಾಕಿ, ಒಂದನ್ನು ತೆರೆದಿಟ್ಟು, ಇನ್ನೊಂದರ ಮೇಲೆ ಕಲಕದಂತೆ ನಿಧಾನವಾಗಿ ನೀರು ತುಂಬಿಸಿದೆವು. (ಸಿಮೆಂಟು ಪ್ರಬಲ ಪ್ರತ್ಯಾಮ್ಲೀಯ; ಬರಿಗೈಯಲ್ಲಿ ಕಲಸಬಾರದು, ಕೈಗವಸು ಬೇಕು.) ಮರುದಿನ ಎರಡೂ ಗಟ್ಟಿಯಾಗಿದ್ದವು. ನೀರಿನಡಿಯ ಸಿಮೆಂಟನ್ನು ಕಡ್ಡಿಯಿಂದ ಕುಟ್ಟಿ ನೋಡಲು ಮಕ್ಕಳು ಸಾಲುಗಟ್ಟಿದರು.

ಆಗ ಗಾರೆ ಕೆಲಸದವರ ಮಗನೊಬ್ಬ ಕೇಳಿದ: “ಟೀಚರ್, ಹಾಗಾದ್ರೆ ಅಪ್ಪ ಸ್ಲ್ಯಾಬಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸುದು ಅದಕ್ಕೇ ಅಲ್ವಾ? ಒಣಗಿ ಗಟ್ಟಿ ಆಗುದಾದ್ರೆ ನೀರು ಯಾಕೆ ಹಾಕ್ಬೇಕು?” ನಾನು ಕೇಳಬೇಕೆಂದು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದ ಪ್ರಶ್ನೆಯನ್ನು ಅವನೇ ಕೇಳಿದ್ದ. ಕ್ಯೂರಿಂಗ್ ಎಂಬ ಪದ ತರಗತಿಯ ಅರ್ಧಕ್ಕರ್ಧ ಮಕ್ಕಳಿಗೆ ಗೊತ್ತಿತ್ತು. ಗೋಣಿ ಹಾಸಿ ದಿನಕ್ಕೆರಡು ಸಲ ನೀರು ಹಾಕಿದವರೂ ಅವರಲ್ಲಿದ್ದರು.

ಇಲ್ಲಿ ಲೆಕ್ಕ ಬೇಕಾಯಿತು. ಸಿಮೆಂಟಿನ ಒಂದು ಚೀಲ 50 ಕೆ.ಜಿ. ಅದರ ಅರ್ಧ ತೂಕದಷ್ಟು ನೀರು ಹಾಕಿದರೆ 25 ಲೀಟರ್. ಸಿಮೆಂಟು ರಾಸಾಯನಿಕವಾಗಿ ಕಟ್ಟಿಕೊಳ್ಳುವುದು ತನ್ನ ತೂಕದ ಕಾಲು ಭಾಗಕ್ಕೂ ತುಸು ಕಡಿಮೆ ನೀರನ್ನು, ಅಂದರೆ ಚೀಲಕ್ಕೆ 12 ಲೀಟರಿನ ಆಸುಪಾಸು. ಉಳಿದದ್ದು ಕಾಂಕ್ರೀಟನ್ನು ಹರಡಲು, ತುಂಬಲು ಬೇಕಾದ ನೀರು. ಅದು ಸೂಕ್ಷ್ಮ ರಂಧ್ರಗಳಲ್ಲಿ ಉಳಿಯುತ್ತದೆ. ಕ್ಯೂರಿಂಗ್‌ಗೆ ಹಾಕಿದ ನೀರು ಬೇರೆ. ನೆಲ ಗಟ್ಟಿಯಾಗುವುದು ಮೊದಲ ನೀರಿನಿಂದ, ಒಣಗಬೇಕಾದದ್ದು ಎರಡನೆಯದು. ‘28 ದಿನ ಆಯಿತಲ್ಲ’ ಎಂದು ಕಟ್ಟಡದವರು ಹೇಳುವುದು ಬಲ ಪರೀಕ್ಷೆಯ ದಿನದ ಲೆಕ್ಕ. ಒಣಗುವಿಕೆಗೂ ಅದಕ್ಕೂ ಸಂಬಂಧವಿಲ್ಲ. ಒಣಗಲು ಬಳಕೆಯಲ್ಲಿರುವ ಸ್ಥೂಲ ಲೆಕ್ಕ ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು. ಅದೂ ಕ್ಯೂರಿಂಗ್ ಮುಗಿದು, ಮೇಲೆ ಮಾಡು ಇದ್ದು, ಮತ್ತೆ ನೆನೆಯದೆ, ಸುತ್ತಲ ಗಾಳಿ ಒಣಗಿದ್ದರೆ ಮಾತ್ರ. ನಾಲ್ಕು ಅಂಗುಲಕ್ಕೆ ನಾಲ್ಕು ತಿಂಗಳು. ನಮ್ಮ ನೆಲಕ್ಕೆ ಆಗಿದ್ದದ್ದು ಮೂರೇ ತಿಂಗಳು, ಅದರಲ್ಲಿ ಎರಡು ಮಳೆಗಾಲದ್ದು.

ಒಳಗಿನ ನೀರು ಏಕೆ ಇಷ್ಟು ತಡಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಹೋಲಿಕೆ ಕೊಟ್ಟದ್ದು ಅಡಿಕೆ ತೋಟದ ಮನೆಯ ಹುಡುಗಿ. ಚಾಲಿ ಅಡಿಕೆಯನ್ನು ಸಿಪ್ಪೆ ಸಮೇತ ಒಂದೂವರೆ ತಿಂಗಳ ಹತ್ತಿರ ಬಿಸಿಲಿಗೆ ಹಾಕುತ್ತಾರೆ. ಸಿಪ್ಪೆ ಕೆಲವೇ ದಿನಗಳಲ್ಲಿ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿಯೇ ಇರುತ್ತದೆ. ಆಗಲೇ ಗೋಣಿಗೆ ತುಂಬಿ ಬಾಯಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಅವರ ಮನೆಯಲ್ಲಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಅಡಿಕೆ ಗಲಗಲ ಅಂದರೆ ಮಾತ್ರ ಒಣಗಿತು ಎನ್ನುತ್ತಾರಂತೆ. ‘ನೆಲಕ್ಕೆ ವಿನೈಲ್ ಹಾಸುದು ಅಂದ್ರೆ ಗೋಣಿಯ ಬಾಯಿ ಕಟ್ಟಿದ ಹಾಗೆ’ ಎಂದಳು. ಪುಸ್ತಕದ ಯಾವ ಚಿತ್ರಕ್ಕಿಂತಲೂ ಇದು ಮುಂದಿನ ನಾಲ್ಕು ತರಗತಿಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂತು. ಇನ್ನು ಉಳಿದದ್ದು, ನೆಲವನ್ನು ಅಲ್ಲಾಡಿಸಿ ನೋಡುವುದು ಹೇಗೆ ಎಂಬುದು.

ಪರಿಶೋಧನೆ: ಮೂರು ಹಾಳೆಗಳು

ಮೊದಲ ಪರೀಕ್ಷೆ ಎಲ್ಲರೂ ಮಾಡಬಹುದಾದದ್ದು. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ದಪ್ಪ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಗುಡಿಸಿ ಶುಚಿ ಮಾಡಿದ ನೆಲದ ಮೇಲಿಟ್ಟು ನಾಲ್ಕೂ ಅಂಚುಗಳನ್ನು ಬಿಡದೆ ಟೇಪಿನಿಂದ ಅಂಟಿಸುವುದು. ಕನಿಷ್ಠ 16 ಗಂಟೆ ಬಿಟ್ಟು ತೆಗೆದು, ಹಾಳೆಯ ಅಡಿಯಲ್ಲಿ ಹನಿಗಳಿವೆಯೇ, ಕಾಂಕ್ರೀಟಿನ ಬಣ್ಣ ಕಪ್ಪಾಗಿದೆಯೇ ನೋಡುವುದು. ಬಿಸಿಲು ನೇರವಾಗಿ ಬೀಳುವ ಜಾಗ ಬೇಡ. ನಾವು ಮೂರು ಹಾಳೆ ಅಂಟಿಸಿದೆವು: ಹಿಂಗೋಡೆಯ ಬುಡದಲ್ಲಿ ಒಂದು, ಕೊಠಡಿಯ ನಡುವೆ ಒಂದು, ಬಾಗಿಲ ಬಳಿ ಒಂದು.

ಹಾಳೆ ಅಂಟಿಸುವಾಗಲೇ ಒಳ್ಳೆಯದೊಂದು ಆಕ್ಷೇಪ ಬಂತು. ನಮ್ಮ ಕಡೆ ಮಳೆ ಹಿಡಿಯುವ ಹೊತ್ತಿಗೆ ನೆಲ ಬೆವರುತ್ತದೆ. ಅದು ಅಡಿಯಿಂದ ಬಂದ ನೀರಲ್ಲ. ತೇವ ತುಂಬಿದ ಬೆಚ್ಚಗಿನ ಗಾಳಿ ತಣ್ಣನೆಯ ನೆಲಕ್ಕೆ ತಗುಲಿ ಸಾಂದ್ರೀಕರಿಸಿದ ನೀರು. ಹಾಗಾದರೆ ಹಾಳೆಯ ಹನಿಯೂ ಗಾಳಿಯದ್ದೇ ಆಗಿರಬಾರದೇಕೆ? ಮಕ್ಕಳೇ ಒಂದು ನಿಯಮ ಕಟ್ಟಿದರು: ಹನಿ ಹಾಳೆಯ ಮೇಲೆ ಇದ್ದರೆ ಗಾಳಿಯದ್ದು, ಅಡಿಯಲ್ಲಿದ್ದರೆ ನೆಲದ್ದು. “ಅಡಿಯಲ್ಲಿ ಸಿಕ್ಕಿಬಿದ್ದ ಗಾಳಿಯಲ್ಲೂ ನೀರು ಉಂಟಲ್ಲ?” ಎಂದು ಇನ್ನೊಬ್ಬಳು ಪಟ್ಟು ಹಿಡಿದಳು. ಲೆಕ್ಕ ಹಾಕಿದೆವು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಸುಮಾರು 26 ಗ್ರಾಂ. 45 ಸೆಂ.ಮೀ. ಚೌಕದ ಹಾಳೆಯ ಅಡಿಯಲ್ಲಿ ಒಂದು ಮಿಲಿಮೀಟರ್ ಸಂದು ಇದೆಯೆಂದರೂ ಗಾಳಿ 0.2 ಲೀಟರ್, ಅದರಲ್ಲಿರುವ ನೀರು ಹೆಚ್ಚೆಂದರೆ 0.005 ಗ್ರಾಂ. ಡ್ರಾಪರಿನ ಒಂದು ಹನಿಯೇ 0.05 ಗ್ರಾಂ. ಸಿಕ್ಕಿಬಿದ್ದ ಗಾಳಿಯೆಲ್ಲ ತನ್ನ ನೀರು ಬಿಟ್ಟುಕೊಟ್ಟರೂ ಒಂದು ಹನಿಯ ಹತ್ತನೇ ಒಂದು ಭಾಗ. ಸಂಖ್ಯೆಯೊಂದು ವಾದವನ್ನು ಮುಗಿಸಬಲ್ಲದು ಎಂಬುದನ್ನು ಒಂಬತ್ತನೇ ತರಗತಿಯವರು ನೋಡುವುದು ಅಪರೂಪ. ಈ ಹತ್ತು ನಿಮಿಷಗಳನ್ನು ಯಾರೂ ಬಿಡಬಾರದು.

ಮರುದಿನ ಗೋಡೆಯ ಬುಡದ ಹಾಳೆಯ ಅಡಿಯಲ್ಲಿ ಹನಿ ಸಾಲುಗಟ್ಟಿತ್ತು, ನೆಲ ಕಪ್ಪಾಗಿತ್ತು. ನಡುವಿನದೂ ಬಾಗಿಲ ಬಳಿಯದೂ ಒಣಗಿಯೇ ಇದ್ದವು. ತರಗತಿಯ ತೀರ್ಪು ಕ್ಷಣದಲ್ಲಿ ಬಂತು: “ಎರಡು ಒಣ, ಒಂದು ಒದ್ದೆ. ಗೋಡೆ ಹತ್ತಿರ ಬಿಟ್ಟು ಬಾಕಿ ಕಡೆ ಹಾಸ್ಬಹುದು.”

ನನ್ನ ದೃಷ್ಟಿಯಲ್ಲಿ ಇಡೀ ಪಾಠದ ಬೆಲೆ ಇರುವುದು ಈ ಘಟ್ಟದಲ್ಲಿ. ಒದ್ದೆ ಹಾಳೆ ನೆಲ ಒದ್ದೆ ಎಂದು ತೋರಿಸುತ್ತದೆ. ಒಣ ಹಾಳೆ ನೆಲ ಒಣ ಎಂದು ತೋರಿಸುತ್ತದೆಯೇ? ಹನಿ ಕಟ್ಟಬೇಕಾದರೆ ಹಾಳೆಯ ಅಡಿಯ ಗಾಳಿ ಪೂರ್ತಿ ಸಂತೃಪ್ತವಾಗಬೇಕು. ಕಾಂಕ್ರೀಟಿನ ರಂಧ್ರಗಳೊಳಗೆ ಸಾಪೇಕ್ಷ ಆರ್ದ್ರತೆ ಶೇ 90 ಇದ್ದರೂ, ಹಾಳೆ ನೆಲದಷ್ಟೇ ಬೆಚ್ಚಗಿದ್ದರೆ ಹನಿ ಮೂಡುವುದಿಲ್ಲ. ಆದರೆ ಅನೇಕ ವಿನೈಲ್ ನೆಲಹಾಸುಗಳಿಗೆ ತಯಾರಕರು ಹೇಳುವ ಮಿತಿ ಶೇ 75ರಿಂದ 85ರ ನಡುವೆ. ಅಂದರೆ ಹಾಳೆ ‘ಒಣ’ ಎನ್ನುವ ನೆಲವೂ ನೆಲಹಾಸಿಗೆ ಒದ್ದೆಯಾಗಿರಬಹುದು. ಜೊತೆಗೆ ಒಂದು ರಾತ್ರಿ ಎಂಬುದು ನಾಲ್ಕು ಅಂಗುಲ ಆಳದ ನೀರು ಮೇಲೇರಲು ಸಾಕಾಗುವ ಸಮಯವಲ್ಲ. ಅಡಿಕೆಯ ಸಿಪ್ಪೆ ನೋಡಿ ಒಳಗಿನದನ್ನು ಹೇಳಿದಂತಾಯಿತು ಎಂದು ಮಕ್ಕಳೇ ಹೇಳಿದ ಮೇಲೆ ಮುಂದಿನ ಪರೀಕ್ಷೆಗೆ ದಾರಿಯಾಯಿತು.

ತೂಗಿ ನೋಡುವುದು

ಹತ್ತನೇ ತರಗತಿಯ ತುಕ್ಕಿನ ಪ್ರಯೋಗಕ್ಕೆಂದು ತರಿಸುವ ಅನಾರ್ದ್ರ ಕ್ಯಾಲ್ಸಿಯಂ ಕ್ಲೋರೈಡ್ ಪ್ರಯೋಗಾಲಯದಲ್ಲಿತ್ತು. ಗಾಳಿಯ ತೇವವನ್ನು ಹೀರಿ ಅದು ತೂಕದಲ್ಲಿ ಹೆಚ್ಚುತ್ತದೆ. ನೆಲಹಾಸಿನ ಕೆಲಸದಲ್ಲಿ ಇದೇ ತತ್ವದ ಪರೀಕ್ಷೆ ಬಹುಕಾಲದಿಂದ ಬಳಕೆಯಲ್ಲಿದೆ: ಅಗಲ ಬಟ್ಟಲಿನಲ್ಲಿ ಲವಣವನ್ನು ತೂಗಿ ನೆಲದ ಮೇಲಿಟ್ಟು, ಪಾರದರ್ಶಕ ಡಬ್ಬಿ ಕವುಚಿ ಅಂಚು ಮುಚ್ಚಿ, 60ರಿಂದ 72 ಗಂಟೆಗಳ ನಂತರ ಮತ್ತೆ ತೂಗುವುದು. ಹಲವು ವಿನೈಲ್ ನೆಲಹಾಸುಗಳಿಗೆ ಹಿಂದಿನಿಂದ ಬಂದ ಮಿತಿ 1,000 ಚದರ ಅಡಿಗೆ ದಿನಕ್ಕೆ 3 ಪೌಂಡ್ ನೀರು. ಇದನ್ನು ಮೆಟ್ರಿಕ್‌ಗೆ ಬದಲಿಸುವುದೇ ಒಂದು ಗುಂಪಿನ ಮನೆಗೆಲಸವಾಗಿತ್ತು. ಚದರ ಮೀಟರಿಗೆ ದಿನಕ್ಕೆ ಸುಮಾರು 14.6 ಗ್ರಾಂ ಎಂದು ಮಾಡಿ ತಂದರು. ನಮ್ಮ ಡಬ್ಬಿಯ ಬಾಯಿ 30 ಸೆಂ.ಮೀ. ಚೌಕ, ಅಂದರೆ 0.09 ಚದರ ಮೀಟರ್. ಮೂರು ದಿನಕ್ಕೆ ಮಿತಿ ಸುಮಾರು 4 ಗ್ರಾಂ. ಅಷ್ಟನ್ನು ಶಾಲೆಯ ತಕ್ಕಡಿ ನಿರಾಯಾಸವಾಗಿ ತೋರಿಸುತ್ತದೆ.

ಡಬ್ಬಿಗಳು ಎರಡು. ಒಂದನ್ನು ಕೊಠಡಿಯ ನಡುವೆ, ಹಾಳೆ ಒಣಗಿದ್ದ ಜಾಗದ ಪಕ್ಕದಲ್ಲಿ, ಬರಿ ನೆಲದ ಮೇಲೆ ಕವುಚಿದೆವು. ಇನ್ನೊಂದರ ಅಡಿಯಲ್ಲಿ ಗಾಜಿನ ಹಲಗೆ ಇಟ್ಟೆವು. ಗಾಜಿನ ಮೇಲಿನದು ಡಬ್ಬಿಯೊಳಗಿನ ಗಾಳಿಯ ನೀರನ್ನಷ್ಟೇ ಹೀರಬೇಕು. ಈ ಎರಡನೆಯ ಡಬ್ಬಿ ಏಕೆ ಬೇಕು ಎಂದು ಮಕ್ಕಳಿಂದಲೇ ಹೇಳಿಸಬೇಕು, ನಾವೇ ಹೇಳಿಬಿಟ್ಟರೆ ಅದೊಂದು ಶಾಸ್ತ್ರವಾಗಿ ಉಳಿಯುತ್ತದೆ. ಲವಣವನ್ನು ಕೈಯಲ್ಲಿ ಮುಟ್ಟಬಾರದು. ನೀರು ತಗುಲಿದರೆ ಬಿಸಿಯಾಗುತ್ತದೆ.

ಮೂರನೆಯ ದಿನ ಗಾಜಿನ ಮೇಲಿನ ಬಟ್ಟಲಿನ ತೂಕದಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ. ನೆಲದ ಮೇಲಿನದು ಮಿತಿಯ ಎರಡರಷ್ಟನ್ನೂ ದಾಟಿತ್ತು. ಹರಳುಗಳು ಕರಗಿ ತಳದಲ್ಲಿ ನೀರು ನಿಂತಿತ್ತು. ಅದೇ ‘ಒಣ’ ನೆಲ! ತಕ್ಕಡಿಯ ಸುತ್ತ ನಿಂತಿದ್ದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಪರೀಕ್ಷೆಗೂ ಮಿತಿಯುಂಟು. ಅದು ಹೇಳುವುದು ಮುಖ್ಯವಾಗಿ ಮೇಲ್ಪದರದ ಕಥೆ. ಆದ್ದರಿಂದಲೇ ಈಗ ನೆಲದಲ್ಲಿ ಸಣ್ಣ ತೂತು ಕೊರೆದು, ಒಳಗೆ ಆರ್ದ್ರತೆಯ ಸಂವೇದಕ ಇಟ್ಟು ಅಳೆಯುವ ವಿಧಾನಕ್ಕೆ ಹೆಚ್ಚು ಮನ್ನಣೆ. ಮೇಲಿನಿಂದ ಮಾತ್ರ ಒಣಗುವ ನೆಲವಾದರೆ ತೂತಿನ ಆಳ ದಪ್ಪದ ಶೇ 40, ಅಂದರೆ ನಾಲ್ಕು ಅಂಗುಲಕ್ಕೆ ಒಂದೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಮೇಲೆ ನೆಲಹಾಸು ಬಿದ್ದ ಮೇಲೆ ನೀರು ಒಳಗೊಳಗೇ ಹಂಚಿಹೋಗಿ ಸಮನಾದಾಗ ಇರುವ ಸ್ಥಿತಿಗೆ ಆ ಆಳದ ಅಳತೆ ಹತ್ತಿರ. ಆ ಉಪಕರಣ ಶಾಲೆಯಲ್ಲಿಲ್ಲ, ಚಿತ್ರ ಬರೆದು ವಿವರಿಸಿದೆ.

ವಿವರಣೆ ಮತ್ತು ವಿಸ್ತರಣೆ

ನೀರು ಬರುವ ದಾರಿ ಎರಡು ಎಂಬುದನ್ನು ಇಲ್ಲಿ ಬೇರ್ಪಡಿಸಬೇಕಾಯಿತು. ಕಲಸುವಾಗ ಹಾಕಿದ ನೀರು ಒಂದು ದಿನ ಮುಗಿಯುತ್ತದೆ. ಮಣ್ಣಿನಿಂದ ಏರುವ ನೀರು ಮುಗಿಯುವುದಿಲ್ಲ. ಬಣ್ಣದ ನೀರಿನ ತಟ್ಟೆಯಲ್ಲಿ ಇಟ್ಟಿಗೆಯನ್ನು ನಿಲ್ಲಿಸಿ ಬಣ್ಣ ಮೇಲೇರುವುದನ್ನು ತೋರಿಸಿದೆ. ಕಾಂಕ್ರೀಟಿನ ರಂಧ್ರಗಳು ಇಟ್ಟಿಗೆಯವಕ್ಕಿಂತ ಬಹಳ ಸಣ್ಣವು, ಏರಿಕೆ ನಿಧಾನ, ಆದರೆ ನಿಲ್ಲುವುದಿಲ್ಲ. ಇದನ್ನು ತಡೆಯಲು ಕಾಂಕ್ರೀಟ್ ಹಾಕುವ ಮೊದಲೇ ಅಡಿಯಲ್ಲಿ ದಪ್ಪ ಪಾಲಿಥೀನ್ ಹಾಳೆ ಹಾಸಬೇಕು. ಗ್ರಂಥಾಲಯದ ನೆಲದಡಿಯಲ್ಲಿ ಅದು ಇಲ್ಲ ಎಂದು ಆ ಕೆಲಸ ನೋಡಿದ್ದ ಮಕ್ಕಳು ಹೇಳಿದರು. ಹಿಂಗೋಡೆಯ ಬುಡದ ಹಾಳೆ ಅಷ್ಟು ಒದ್ದೆಯಾದದ್ದೇಕೆಂದು ಹೊರಗೆ ಹೋಗಿ ನೋಡಿದೆವು. ಮಾಡಿನ ನೀರು ನೇರವಾಗಿ ಆ ಗೋಡೆಯ ಬುಡಕ್ಕೇ ಬೀಳುತ್ತಿತ್ತು, ಅಂಗಳದ ಇಳಿಜಾರೂ ಆ ಕಡೆಗೇ ಇತ್ತು.

ನೀರು ನಿಂತರೆ ವಿನೈಲಿಗೇನು ಎಂಬ ಪ್ರಶ್ನೆಗೆ ಆಮ್ಲ–ಪ್ರತ್ಯಾಮ್ಲಗಳ ನೆರವು ಬೇಕಾಯಿತು. ಹೊಸ ಕಾಂಕ್ರೀಟಿನ ರಂಧ್ರಗಳ ನೀರಿನ ಪಿಎಚ್ 12ರಿಂದ 13. ಅನೇಕ ಅಂಟುಗಳು ತಾಳಿಕೊಳ್ಳುವುದು 9ರಿಂದ 10ರವರೆಗೆ. ಆವಿ ಹೊರಹೋಗಲು ದಾರಿಯಿಲ್ಲದೆ ಅಂಟಿನ ಪದರದಲ್ಲಿ ನೀರಾದಾಗ ಈ ಪ್ರತ್ಯಾಮ್ಲವೂ ಅಲ್ಲಿಗೆ ಸೇರುತ್ತದೆ. ಅಂಟು ಲೋಳೆಯಾಗಿ ಹಾಸು ಉಬ್ಬುತ್ತದೆ, ಅಂಚು ಏಳುತ್ತದೆ, ಕಮಟು ವಾಸನೆ ಬರುತ್ತದೆ. ನೆಲದ ಮೇಲೆ ಶುದ್ಧ ನೀರಿನ ಹನಿ ಬಿಟ್ಟು ಒಂದು ನಿಮಿಷದ ನಂತರ ಪಿಎಚ್ ಕಾಗದ ತಾಗಿಸಿದಾಗ ಕಾಗದ ಕಡುನೀಲಿಗೆ ತಿರುಗಿತು.

ಅಜ್ಜಿ ಮನೆಯ ಸಗಣಿ ಸಾರಿಸಿದ ನೆಲವೇ ಒಳ್ಳೆಯದಿತ್ತು ಎಂಬ ಮಾತು ಬಂದೇ ಬರುತ್ತದೆ, ಬಂತು. ಅಲ್ಲಿ ಎಚ್ಚರ ಬೇಕು. ಆ ನೆಲಗಳಲ್ಲಿಯೂ ತೇವ ಏರುತ್ತಿತ್ತು, ಮಳೆಗಾಲದಲ್ಲಿ ಚಾಪೆ ಬೂಷ್ಟು ಹಿಡಿಯುತ್ತಿತ್ತು. ಆವಿಗೆ ತಡೆಯಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ; ಉಬ್ಬಲು ಮೇಲೆ ಏನೂ ಅಂಟಿಸಿರಲಿಲ್ಲ.

ಕೊನೆಯ ತರಗತಿಯಲ್ಲಿ ಗುಂಪುಗಳು ಶಾಲಾಭಿವೃದ್ಧಿ ಸಮಿತಿಗೆ ಒಂದು ಪುಟದ ವರದಿ ಬರೆದವು. ಈಗ ಹಾಸಬಾರದು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಮುಂದೇನು ಎಂಬುದರಲ್ಲಿ ಇತ್ತು. ಒಂದು ಗುಂಪು ಕಿಟಕಿ ತೆರೆದು ಫ್ಯಾನ್ ಹಾಕಿ ಒಣಗಿಸೋಣ ಎಂದಿತು. ಹೊರಗಿನ ಗಾಳಿಯ ಆರ್ದ್ರತೆಯೇ ಶೇ 85ನ್ನು ಮೀರಿರುವ ತಿಂಗಳಲ್ಲಿ ಫ್ಯಾನ್ ಏನು ಮಾಡೀತು ಎಂದು ಇನ್ನೊಂದು ಗುಂಪು ಪಠ್ಯದ ಸಾಲನ್ನೇ ತೋರಿಸಿ ಕೇಳಿತು. ಮೇಲಿನಿಂದ ಎಪಾಕ್ಸಿ ಲೇಪ ಕೊಟ್ಟು ಆವಿಯನ್ನು ತಡೆಯಬಹುದು, ಖರ್ಚು ಹೆಚ್ಚು, ನೆಲವನ್ನು ಉಜ್ಜಿ ಸಿದ್ಧಪಡಿಸುವುದೂ ದೊಡ್ಡ ಕೆಲಸ. ಸಿಮೆಂಟ್ ಗಾರೆಯಲ್ಲಿ ಕೂರಿಸುವ ಟೈಲ್ಸ್ ಅಥವಾ ಕಲ್ಲಿನ ಹಾಸು ತೇವವನ್ನು ವಿನೈಲಿಗಿಂತ ಚೆನ್ನಾಗಿ ತಾಳುತ್ತವೆ ಎಂದು ಬರೆದ ಗುಂಪಿಗೆ, ಬಂದಿರುವ ಸುರುಳಿಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಎದುರಾಯಿತು. ಮಹಡಿಯ ಕೊಠಡಿಗೆ ಬಳಸಬಹುದು, ಅಲ್ಲಿ ಅಡಿಯಲ್ಲಿ ಮಣ್ಣಿಲ್ಲ ಎಂದು ಉತ್ತರಿಸಿದರು. ಅಲ್ಲಿಯೂ ಮೊದಲು ತೂಗಿ ನೋಡಬೇಕು ಎಂದು ತಾವಾಗಿಯೇ ಸೇರಿಸಿದ್ದರು. ಸಮಿತಿ ಹಾಸುವ ಕೆಲಸವನ್ನು ಮುಂದೂಡಿತು, ಮಾಡಿನ ನೀರಿಗೆ ದೋಣಿ ಕಟ್ಟಿಸಲು ಒಪ್ಪಿತು. ಕೊಠಡಿ ಆಗಸ್ಟ್ 15ಕ್ಕೆ ತೆರೆಯಲಿಲ್ಲ. ಕೆಲವು ಮಕ್ಕಳಿಗೆ ಅದರ ಬೇಸರವೂ ಇತ್ತು.

ಮೌಲ್ಯಮಾಪನ

ವ್ಯಾಖ್ಯೆ ಕೇಳುವ ಪ್ರಶ್ನೆಗಳನ್ನು ಕಡಿಮೆ ಮಾಡಿ ಮೂರು ಸನ್ನಿವೇಶಗಳನ್ನು ಕೊಟ್ಟೆ. ಹೊಸ ಮನೆಯ ನೆಲಕ್ಕೆ 28 ದಿನ ಆಗಿದೆ, ಹಾಸಬಹುದೇ? ಹಾಳೆಯ ಅಡಿ ಒಣಗಿದೆ, ಇದರಿಂದ ಏನು ಹೇಳಬಹುದು, ಏನು ಹೇಳಲಾಗದು? ಮಹಡಿಯ ನೆಲ ಬೆಳಿಗ್ಗೆ ಬೆವರಿದೆ, ನೀರು ಎಲ್ಲಿಯದು, ಹೇಗೆ ಕಂಡುಹಿಡಿಯುವೆ? ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರಗಳು ಚೆನ್ನಾಗಿದ್ದವು. ಎರಡನೆಯದರಲ್ಲಿ ‘ಏನು ಹೇಳಲಾಗದು’ ಎಂಬ ಭಾಗವನ್ನು ಹಲವರು ಖಾಲಿ ಬಿಟ್ಟರು. ಇಲ್ಲ ಎಂಬ ಫಲಿತಾಂಶವನ್ನು ಓದುವುದು ಒಂದು ಪಾಠದಲ್ಲಿ ಬರುವ ಕೌಶಲವಲ್ಲ. ಇದಕ್ಕೆ ಇನ್ನೊಂದು ತರಗತಿ ಬೇಕು. ವೀಕ್ಷಕರಾಗಿ ಕುಳಿತಿದ್ದ ಸಹಪಾಠಿ, ಎರಡು ಅವಧಿಯಲ್ಲಿ ಮುಗಿಯುವ ಪಾಠಾಂಶಕ್ಕೆ ಐದು ಹೆಚ್ಚಾಯಿತು ಎಂದು ಬರೆದಿದ್ದಾರೆ. ಲೋಮನಾಳ ಕ್ರಿಯೆಯನ್ನೂ ಪಿಎಚ್ ಅನ್ನೂ ಬಿಟ್ಟರೆ ಮೂರಕ್ಕೆ ಇಳಿಸಬಹುದು. ಸಿಮೆಂಟಿನ ಲೋಟ, ಹಾಳೆ, ತೂಕ ಈ ಮೂರನ್ನು ಮಾತ್ರ ಬಿಡುವಂತಿಲ್ಲ.

ಜನವರಿಯಲ್ಲಿ ಅದೇ ಜಾಗದಲ್ಲಿ ಮತ್ತೆ ತೂಗಬೇಕೆಂದು ಮಕ್ಕಳು ಗೊತ್ತುಮಾಡಿಕೊಂಡಿದ್ದಾರೆ. ಆಗ ತೂಕ ಮಿತಿಯೊಳಗೆ ಬಂದರೆ ಈಗ ಹೊರಬರುತ್ತಿರುವುದು ಹೆಚ್ಚಾಗಿ ಕಲಸಿದ ನೀರು ಮತ್ತು ಮಳೆಯ ತೇವ. ಬಾರದಿದ್ದರೆ ಮಣ್ಣಿನಿಂದ ಏರುತ್ತಿರುವುದು, ಕಾದು ಪ್ರಯೋಜನವಿಲ್ಲ. ಡಬ್ಬಿ ಇಟ್ಟ ಜಾಗಕ್ಕೆ ನೆಲದ ಮೇಲೆ ಬಣ್ಣದ ಚೌಕ ಬರೆದಿದ್ದಾರೆ. ತೂಕದ ಪಟ್ಟಿ ಪ್ರಯೋಗಾಲಯದ ದಾಸ್ತಾನು ಪುಸ್ತಕದ ಕೊನೆಯ ಪುಟದಲ್ಲಿದೆ. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರು ಅದನ್ನು ಕೇಳಿ ಪಡೆಯಬಹುದು.